ಬಳಿಯುವವರು ಮತ್ತು ತಿಕ್ಕುವವರು

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಒಂದು ಬಳಿಯುವ ಪಕ್ಷ, ಇನ್ನೊಂದು ತಿಕ್ಕುವ ಪಕ್ಷ. ಬಳಿಯುವ ಪಕ್ಷದಲ್ಲಿ ಇರುವವನು ನಾನೊಬ್ಬನೇ; ಅಧ್ಯಕ್ಷನೂ ನಾನೇ, ಕಾರ್ಯಕರ್ತನೂ ನಾನೇ. ಗೇಟಿಗೆ ಬಣ್ಣ, ಹೂಕುಂಡಕ್ಕೆ ಕೆಮ್ಮಣ್ಣು, ಕುಂಟುವ ಸ್ಟೂಲಿಗೆ ವಾರ್ನಿಶ್, ಹೀಗೆ ಬಳಿಯುವ ಕೆಲಸ ಎಲ್ಲಿದ್ದರೂ ಕರೆಯದೆ ಬರುತ್ತೇನೆ. ಬಳಿಯುವುದಕ್ಕೆ ಮುಂಚಿನ ಕೆರೆಯುವ, ಉಜ್ಜುವ, ತೊಳೆಯುವ, ಒರೆಸುವ ಖಾತೆಗಳೆಲ್ಲ ತಿಕ್ಕುವ ಪಕ್ಷದ ವಶದಲ್ಲಿವೆ. ಅಲ್ಲಿ ನನ್ನ ಹೆಂಡತಿಯೂ ಅಮ್ಮನೂ ಇದ್ದಾರೆ. ಅತ್ತೆ ಸೊಸೆ ಒಂದೇ ಪಕ್ಷದಲ್ಲಿರುವ ಅಪರೂಪದ ಮನೆ ನಮ್ಮದು, ಅದಕ್ಕೆ ನಾನೇ ಕಾರಣ ಎಂಬ ಹೆಮ್ಮೆ ನನಗಿದೆ. ಮಗಳು ಪಕ್ಷೇತರಳು, ಯಾರು ಐಸ್‌ಕ್ರೀಂ ಕೊಡಿಸುತ್ತಾರೋ ಅವರಿಗೆ ಹೊರಗಿನಿಂದ ಬೆಂಬಲ.

ಈ ಏರ್ಪಾಡು ತಾನಾಗಿ ಆದದ್ದಲ್ಲ, ನನ್ನ ದೂರದೃಷ್ಟಿಯ ಫಲ. ಮದುವೆಯಾದ ಹೊಸತರಲ್ಲಿ ಇಡ್ಲಿ ತಟ್ಟೆ ತೊಳೆಯುವ ಪ್ರಸಂಗ ಬಂತು. ನಾನು ಎಷ್ಟು ಯೋಚಿಸಿ ತೊಳೆದೆನೆಂದರೆ ಒಂದು ತೂತನ್ನೂ ಬಿಡದೆ ಎಲ್ಲದರಲ್ಲೂ ಹಿಟ್ಟು ಉಳಿಸಿದ್ದೆ. "ನಿಮ್ಮಿಂದ ಆಗುದಿಲ್ಲ ಮಾರಾಯ್ರೆ, ಬಿಡಿ" ಎಂದು ಹೆಂಡತಿ ತಟ್ಟೆ ಕಿತ್ತುಕೊಂಡಳು. ಆ ಮಾತೇ ನನ್ನ ಪಾಲಿನ ಪ್ರಮಾಣಪತ್ರ. ಅದನ್ನು ಆಗಾಗ ನವೀಕರಿಸುತ್ತಲೂ ಇರಬೇಕು. ಯುಗಾದಿಗೆ ಕಿಟಕಿ ಗಾಜು ಒರೆಸಿ ಎಂದರೆ, ಒರೆಸುವ ಮುಂಚೆ ಕಾಣುತ್ತಿದ್ದ ಎದುರು ಮನೆ ಒರೆಸಿದ ಮೇಲೆ ಕಾಣಬಾರದು. ಆಯುಧಪೂಜೆಗೆ ಫ್ಯಾನ್ ಒರೆಸಿ ಎಂದರೆ, ಅದರ ಧೂಳೆಲ್ಲ ಹಾಸಿಗೆಗೆ ವರ್ಗವಾಗಬೇಕು. ಕೈಲಾಗದವನು ಎಂಬ ಬಿರುದನ್ನು ಗಳಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಅಂಥ ಬಿರುದನ್ನು ಕಾರಿನ ಬ್ರೇಕೊಂದು ನುಂಗಿ ನೀರು ಕುಡಿಯಿತು.

ಕಾರು ಮಾವನವರ ಕಡೆಯಿಂದ ಬಂದದ್ದು. ಬಿಳಿ ಬಣ್ಣದ ಮಾರುತಿ 800, ಕೆಎ 20 ನೋಂದಣಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಅರ್ಧ ದೇಶಕ್ಕೆ ಡ್ರೈವಿಂಗ್ ಕಲಿಸಿದ ಕಾರು ಅದು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಮಾವ ಸ್ಟೀರಿಂಗ್ ಬಿಟ್ಟರು. ಕೀಲಿಕೈ ನನ್ನ ಕೈಗಿಡುತ್ತಾ, "ಅಳಿಯಂದಿರೇ, ಜೋಪಾನವಾಗಿ ನೋಡಿಕೊಳ್ಳಿ" ಅಂದರು. ಮಗಳನ್ನು ಧಾರೆ ಎರೆಯುವಾಗಲೂ ಇದೇ ಮಾತು ಅಂದಿದ್ದರು. ವ್ಯತ್ಯಾಸ ಇಷ್ಟೇ, ಕಾರು ಹೇಗಿದೆ ಎಂದು ಈಗಲೂ ಫೋನ್ ಮಾಡಿ ವಿಚಾರಿಸುತ್ತಿರುತ್ತಾರೆ.

ಅವರ ಮನೆ ಕುಂದಾಪುರದಲ್ಲಿ. ಅಂಗಳದಲ್ಲಿ ನಿಂತರೆ ಕಡಲಿನ ಮೊರೆತ ಕೇಳುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಗಾಳಿ ಎರಡೇ ಸಾಕು. ಉಪ್ಪು ಸೇರಿತೋ, ಕೆಲಸ ಇಮ್ಮಡಿ ಉತ್ಸಾಹದಲ್ಲಿ ಸಾಗುತ್ತದೆ. ಉಪ್ಪುಗಾಳಿಯಲ್ಲೇ ವಯಸ್ಸು ಕಳೆದ ಈ ಕಾರು ಮೇಲೆ ನೋಡಿದರೆ ಮದುಮಗ, ಬಗ್ಗಿ ನೋಡಿದರೆ ಬೇರೆಯೇ ಕತೆ. ಆದರೆ ನಾನು ಬಗ್ಗಿ ನೋಡುವ ಜಾತಿಯವನಲ್ಲ.

ಬಗ್ಗಿಸಿದ್ದು ಎದುರು ಮನೆಯ ಹೊಸ ಕಾರು. ಅದರ ಅಲಾಯ್ ಚಕ್ರಗಳ ಕಡ್ಡಿಗಳ ಸಂದಿಯಲ್ಲಿ ಕಡುಗೆಂಪು ಬಣ್ಣದ ಏನೋ ಒಂದು ಮಿಂಚುತ್ತಿತ್ತು. "ಬ್ರೇಕ್ ಕ್ಯಾಲಿಪರ್ ಅಪ್ಪಾ. ರೇಸ್ ಕಾರಲ್ಲೆಲ್ಲ ಹಾಗೇ ಇರುತ್ತೆ. ಇಟಲಿಯ ಬ್ರೆಂಬೊ ಅಂತ ಕಂಪನಿ ಇದೆ, ಅವರದ್ದು ಕೆಂಪು ಕ್ಯಾಲಿಪರ್ರೇ ಫೇಮಸ್ಸು" ಎಂದಳು ಮಗಳು. ನನ್ನ ಕಾರಿಗೂ ಅಂಥದ್ದೊಂದು ಅವಯವ ಇದೆಯೇ ಎಂದು ಕೇಳಿದೆ. ಇದೆ, ಮುಂದಿನ ಎರಡು ಚಕ್ರಗಳಲ್ಲಿ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ಮು ಎಂದು ತಿಳಿಯಿತು. ನನ್ನೊಳಗಿನ ಬಳಿಯುವ ಪಕ್ಷದ ತುರ್ತು ಸಭೆ ಸೇರಿತು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಸಂಜೆಯೊಳಗೆ ಶಾಖ ತಾಳುವ ಕೆಂಪು ಬಣ್ಣದ ಸ್ಪ್ರೇ ಡಬ್ಬಿ ಮನೆಗೆ ಬಂತು.

"ಇದೆಂತದು?" ಎಂದಳು ಹೆಂಡತಿ.

"ಬ್ರೇಕಿಗೆ ಬಣ್ಣ."

"ಬ್ರೇಕು ಎಲ್ಲುಂಟು?"

"ಚಕ್ರದ ಒಳಗೆ."

"ಚಕ್ರಕ್ಕೆ ಮುಚ್ಚಳ ಉಂಟಲ್ಲ ಮಾರಾಯ್ರೆ?"

ಇದು ನನಗೆ ಹೊಳೆದಿರಲಿಲ್ಲ. ಎದುರು ಮನೆಯವರ ಚಕ್ರದ ಹಾಗೆ ನಮ್ಮ ಚಕ್ರದಲ್ಲಿ ಗಾಳಿ ಬೆಳಕು ಆಡುವುದಿಲ್ಲ. ಕಬ್ಬಿಣದ ರಿಮ್ಮು, ಅದರ ಮೇಲೆ ಮಾವನವರು ಪ್ರೀತಿಯಿಂದ ಹಾಕಿಸಿದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ವೀಲ್ ಕ್ಯಾಪು. ಒಳಗೆ ಕೆಂಪು ಬಳಿದರೂ ಒಂದೇ, ಕುಂಕುಮ ಇಟ್ಟರೂ ಒಂದೇ. ಆದರೆ ಪಕ್ಷದ ನಿರ್ಣಯವನ್ನು ಹಿಂತೆಗೆದುಕೊಳ್ಳುವುದುಂಟೇ? "ಅಂದಕ್ಕಲ್ಲ ಕಣೇ, ತುಕ್ಕು ನಿಲ್ಲಿಸೋದಕ್ಕೆ. ನಿಮ್ಮಪ್ಪನ ಕಾರು ಹಾಳಾಗಬಾರದಲ್ಲ" ಎಂದೆ. ಮನುಷ್ಯ ಅಂದಕ್ಕಾಗಿ ಮಾಡುವ ಕೆಲಸಕ್ಕೆಲ್ಲ ಆರೋಗ್ಯದ ಕಾರಣ ಕೊಡುತ್ತಾನೆ. ಸೋಜಿಗವೆಂದರೆ, ಈ ಸಲ ನನ್ನ ಸುಳ್ಳು ನಿಜವೂ ಆಗಿತ್ತು. ಎರಕದ ಕಬ್ಬಿಣದ ಕ್ಯಾಲಿಪರ್ ತುಕ್ಕು ಹಿಡಿಯದಿರಲು ಬಣ್ಣ ಒಳ್ಳೆಯ ಉಪಾಯವೇ.

ಹೇಗೆ ಬಳಿಯಬೇಕೆಂದು ಕೇಳಲು ನಮ್ಮ ಬಡಾವಣೆಯ ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಯಾವುದೋ ಕಾರಿನ ಅಡಿಯಿಂದಲೇ ಮಾತಾಡಿದ. ನನಗೆ ಕಂಡದ್ದು ಅವನ ಪಾದಗಳು ಮಾತ್ರ. ಗುರುಗಳ ಪಾದದ ಬಳಿ ಕೂತು ಪಾಠ ಕೇಳುವುದೆಂದರೆ ಏನೆಂದು ಅವತ್ತು ತಿಳಿಯಿತು.

"ಬಣ್ಣ ಹತ್ತು ನಿಮಿಷದ ಕೆಲಸ ಸಾರ್. ಕ್ಲೀನಿಂಗೇ ಕೆಲಸ. ಜಿಡ್ಡಿನ ಮೇಲೆ ಹೊಡೆದರೆ ಬಣ್ಣ ಜಿಡ್ಡಿಗೆ ಅಂಟುತ್ತೆ, ಕಬ್ಬಿಣಕ್ಕೆ ಅಂಟಲ್ಲ. ಒಂದು ಸಲ ಘಾಟಿ ಇಳಿದು ಬಿಸಿಯಾಯ್ತು ಅಂದ್ರೆ ಹಪ್ಪಳದ ಥರಾ ಎದ್ದು ಬರುತ್ತೆ."

"ಒಂಚೂರು ಸೀಮೆಎಣ್ಣೆಯಲ್ಲಿ ಒರೆಸಿಬಿಟ್ಟರೆ?"

ಪಾದಗಳು ನಡುಗಿದವು. "ಅಯ್ಯೋ ಬೇಡಿ ಸಾರ್! ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ ಯಾವುದೂ ಮುಟ್ಟಿಸಬೇಡಿ. ಪಿಸ್ಟನ್ ಸುತ್ತ ರಬ್ಬರ್ ಇದೆ. ಊದಿಕೊಂಡ್ರೆ ಬ್ರೇಕ್ ಹಿಡಿದಿದ್ದು ಬಿಡಲ್ಲ."

ಬ್ರೇಕಿನ ರಬ್ಬರಿಗೆ ಒಗ್ಗುವುದು ಗ್ಲೈಕಾಲ್‌ನಿಂದ ಮಾಡಿದ ಬ್ರೇಕ್ ಆಯಿಲ್. ನಾವು ಆಯಿಲ್ ಅನ್ನುತ್ತೇವೆ, ಅದು ಎಣ್ಣೆಯ ಜಾತಿಯದಲ್ಲ. ಪೆಟ್ರೋಲಿಯಂ ಕುಲದ ಯಾವುದು ತಗುಲಿದರೂ ಆ ರಬ್ಬರ್ ಉಬ್ಬುತ್ತದೆ. ಅತ್ತ ಅದೇ ಬ್ರೇಕ್ ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವೇ ಕಿತ್ತುಬರುತ್ತದೆ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದ ಈ ಕುಟುಂಬದಲ್ಲಿ ಎಲ್ಲರಿಗೂ ಹೊಂದುವುದು ಸೋಪಿನ ನೀರು; ಬಣ್ಣ ಬಳಿಯುವ ಮುಂಚೆಯಾದರೆ ಬ್ರೇಕ್ ಕ್ಲೀನರ್ ಎಂಬ ಸ್ಪ್ರೇಯೂ ನಡೆಯುತ್ತದೆ. ಮೇಸ್ತ್ರಿ ಕೊನೆಗೆ ಇನ್ನೊಂದು ಮಾತು ಹೇಳಿದ: "ಕಪ್ಪು ಪುಡಿ ಇರುತ್ತಲ್ಲ, ಬಾಯಲ್ಲಿ ಊದಬೇಡಿ, ಗಾಳಿ ಹೊಡೀಬೇಡಿ. ನೆನೆಸಿ ತೊಳೀರಿ. ಮಾಸ್ಕ್ ಹಾಕ್ಕೊಳ್ಳಿ." ಹಳೆಯ ಕಾಲದ ಬ್ರೇಕ್ ಪ್ಯಾಡುಗಳಲ್ಲಿ ಕಲ್ನಾರು ಸೇರಿಸುತ್ತಿದ್ದರು, ಅದರ ನಾರು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ನಿಮ್ಮ ಕಾರಿನದು ಯಾವ ಕಾಲದ ಪ್ಯಾಡು ಎಂದು ಅದು ತಾನಾಗಿ ಹೇಳುವುದಿಲ್ಲವಾದ್ದರಿಂದ ಒಣ ಪುಡಿಯನ್ನು ಎಬ್ಬಿಸದಿರುವುದೇ ಜಾಣತನ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕ್ ಎತ್ತಿ, ಜಾಕನ್ನು ನಂಬದೆ ಗ್ಯಾರೇಜಿನಿಂದ ತಂದ ಸ್ಟ್ಯಾಂಡನ್ನೂ ಇಟ್ಟೆ. ಪ್ರತಿ ಹೆಜ್ಜೆಯಲ್ಲೂ ನನ್ನ ಜಾಗ್ರತೆ ಕಂಡು ಅಮ್ಮನಿಗೆ ಸಂತೋಷವಾಯಿತು. "ಹುಷಾರಿ ಹುಡುಗ" ಎಂದರು. ಅದು ಜಾಗ್ರತೆಯಲ್ಲ, ಹೆದರಿಕೆ ಎಂದು ಹೆಂಡತಿಗೆ ಗೊತ್ತಿತ್ತು; ಅತ್ತೆಯ ಮುಂದೆ ಹೇಳಲಿಲ್ಲ.

ಚಕ್ರ ಕಳಚಿತು. ಒಳಗಿದ್ದದ್ದನ್ನು ಕಂಡು ನಾನು ಚಕ್ರವನ್ನು ಮತ್ತೆ ಹಾಕಿಬಿಡಲೇ ಎಂದು ಯೋಚಿಸಿದೆ. ಕ್ಯಾಲಿಪರ್ ಎಂಬುದು ಒಂದು ಇಕ್ಕಳ, ಅದು ಡಿಸ್ಕ್ ಎಂಬ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುತ್ತದೆ ಎಂದು ಚಿತ್ರದಲ್ಲಿ ನೋಡಿದ್ದೆ. ಇಲ್ಲಿ ಇಕ್ಕಳವೂ ಇರಲಿಲ್ಲ, ಆಕಾರವೂ ಇರಲಿಲ್ಲ. ಇದ್ದದ್ದು ಒಂದು ಕಪ್ಪು ಗಡ್ಡೆ. ಅದರ ಮೇಲೆ ಎರಡು ಜಿಲ್ಲೆಗಳ ಮಣ್ಣು, ಗ್ರೀಸು, ಮಳೆಗಾಲಗಳು, ನಡುನಡುವೆ ಕೆಂಪು ತುಕ್ಕು.

ನೆರೆದಿದ್ದ ಕುಟುಂಬಕ್ಕೆ ಈ ಕೊಳೆಯ ಘನತೆಯನ್ನು ತಿಳಿಸಿಕೊಡುವುದು ನನ್ನ ಕರ್ತವ್ಯವಾಗಿತ್ತು. ಮಾತಾಡುವಷ್ಟು ಹೊತ್ತೂ ತಿಕ್ಕಬೇಕಾಗಿರಲಿಲ್ಲ ಎಂಬುದು ಬೇರೆ ವಿಷಯ. "ನೋಡಿ, ಬ್ರೇಕ್ ಹಾಕಿದಾಗ ಕಾರಿನ ವೇಗ ಎಲ್ಲಿಗೆ ಹೋಗುತ್ತೆ? ಶಾಖ ಆಗುತ್ತೆ. ನಾಲ್ಕು ಜನ ಕೂತ ಮಾರುತಿ ಸುಮಾರು 900 ಕೆ.ಜಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಾ ಒಂದು ಸಲ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 125 ಕಿಲೋಜೌಲ್. ಅಷ್ಟರಲ್ಲಿ ಮೂರು ಲೋಟ ಕಾಫಿಗೆ ನೀರು ಕುದಿಸಬಹುದು."

"ಹೌದಾ? ಹಾಗಾದ್ರೆ ನಾಳೆಯಿಂದ ಬೆಳಿಗ್ಗೆ ಕಾಫಿ ಕಾರಲ್ಲೇ ಮಾಡಿ" ಎಂದಳು ಹೆಂಡತಿ.

ನಾನು ಜಗ್ಗಲಿಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಗೇರಿನಲ್ಲಿ ಹಿಡಿಯದೆ ಬರೀ ಬ್ರೇಕಿನಲ್ಲಿ ಇಳಿದರೆ ಡಿಸ್ಕಿನ ಶಾಖ ನೂರಾರು ಡಿಗ್ರಿಗೆ ಏರುತ್ತದೆ. ನೀರು ಕುಡಿದ ಹಳೆಯ ಡಾಟ್ 3 ಬ್ರೇಕ್ ಆಯಿಲ್ ಸುಮಾರು 140 ಡಿಗ್ರಿಗೇ ಕುದಿಯಬಹುದು. ಪ್ರತಿ ಸಲ ಒತ್ತಿದಾಗಲೂ ಡಿಸ್ಕಿನ ಕಬ್ಬಿಣ, ಪ್ಯಾಡಿನ ರಾಳ, ಗ್ರಾಫೈಟು, ಲೋಹದ ಪುಡಿ ಒಂದಿಷ್ಟು ಸವೆದು ಉದುರಿ, ಬಿಸಿಬಿಸಿಯಾಗಿ ಹೋಗಿ ಅಂಟಿಕೊಳ್ಳುತ್ತದೆ. ಒಳಗಿನ ಕಬ್ಬಿಣದ ಕಣಗಳು ಅಲ್ಲೇ ತುಕ್ಕು ಹಿಡಿದು ಬೇರುಬಿಡುತ್ತವೆ. ಹೀಗೆ ವಿವರಿಸುತ್ತಿರುವಾಗ ತಿರುಗಿ ನೋಡಿದರೆ ಕೇಳುಗರ ಪೈಕಿ ಉಳಿದದ್ದು ಬೀದಿ ನಾಯಿ ಒಂದೇ.

ಕೇಳುಗರು ಹೋದರೆ ಸಲಹೆಗಾರರು ಬರುತ್ತಾರೆ ಎಂಬುದು ನಮ್ಮ ಬೀದಿಯ ನಿಯಮ. ಮನುಷ್ಯನೊಬ್ಬ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆಂದರೆ ಅವನಿಗೆ ಬುದ್ಧಿ ಹೇಳುವ ಹಕ್ಕು ಸಾರ್ವಜನಿಕರಿಗೆ ತಾನಾಗಿ ಬರುತ್ತದೆ. ಹಾಲಿನವನು ಡೀಸೆಲ್ ಎಂದ. ಪಕ್ಕದ ಮನೆಯ ನಿವೃತ್ತ ಎಂಜಿನಿಯರು, ತುಕ್ಕುಹಿಡಿದ ಬೋಲ್ಟಿಗೆ ಹೊಡೆಯುವ ಡಬ್ಲ್ಯೂಡಿ-ಫಾರ್ಟಿ ಸ್ಪ್ರೇಯನ್ನು ಸ್ವತಃ ತಂದುಕೊಟ್ಟರು. ಅದು ಜಿಡ್ಡು ತೆಗೆಯುತ್ತದೆ, ನಿಜ. ಹೋಗುವಾಗ ತನ್ನದೊಂದು ಎಣ್ಣೆಪದರ ಬಿಟ್ಟು ಹೋಗುತ್ತದೆ. ಬಣ್ಣಕ್ಕೆ ಅದು ಬೇಡ, ಬ್ರೇಕಿಗಂತೂ ಬೇಡವೇ ಬೇಡ. ಮಗಳು ಕೋಲಾ ತರಿಸೋಣ ಎಂದಳು. ಅದರಲ್ಲಿ ಫಾಸ್ಫಾರಿಕ್ ಆಮ್ಲ ಇದೆ, ತುಕ್ಕು ತೆಗೆಯುವ ದ್ರಾವಣಗಳಲ್ಲೂ ಅದೇ ಆಮ್ಲ ಇರುತ್ತದೆ ಎಂಬ ಅವಳ ರಸಾಯನಶಾಸ್ತ್ರ ಸರಿಯಾಗಿತ್ತು. ಎರಡು ಲೀಟರಿನ ಬಾಟಲಿಯೇ ಬೇಕು ಎಂದಾಗ ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆಂದು ತಿಳಿಯಿತು. ಬಾಟಲಿಯಲ್ಲಿರುವ ಸಕ್ಕರೆಯನ್ನು ಆಮೇಲೆ ಮತ್ತೆ ತೊಳೆಯುವವರು ಯಾರು?

ಅಮ್ಮ ಒಳಗಿನಿಂದ ಹುಣಸೇಹಣ್ಣಿನ ಉಂಡೆ ತಂದರು. "ದೀಪದ ಕಂಬ ಹೊಳೆಯೋದು ಇದರಲ್ಲೇ. ಹಾಕಿ ತಿಕ್ಕೋ."

"ಅದು ಹಿತ್ತಾಳೆ ಅಮ್ಮ. ಹುಣಸೆಯ ಹುಳಿ ಮೇಲಿನ ಆಕ್ಸೈಡನ್ನ ಕರಗಿಸುತ್ತೆ, ಹೊಳೆಯುತ್ತೆ. ಇದು ಎರಕದ ಕಬ್ಬಿಣ. ಹುಳಿ ಹಾಕಿದರೆ ಇವತ್ತು ಬೆಳ್ಳಗಾಗುತ್ತೆ, ನಾಳೆ ಮತ್ತೆ ಕೆಂಪಾಗುತ್ತೆ."

"ಹಾಗಾದ್ರೆ ಅಳಲೇಕಾಯಿ ಹಾಕು. ನಮ್ಮ ಕಾಲದಲ್ಲಿ ಕಬ್ಬಿಣ, ಅಳಲೇಕಾಯಿ ಸೇರಿಸಿ ಮಸಿ ಮಾಡ್ತಿದ್ರು. ಕಪ್ಪಗೆ ಕೂತ್ರೆ ಬಿಡ್ತಾನೇ ಇರಲಿಲ್ಲ."

ನಾನು ನಕ್ಕುಬಿಡುವವನಿದ್ದೆ. ಮಗಳು ಫೋನು ನೋಡಿ, "ಅಜ್ಜಿ ಹೇಳಿದ್ದು ಕರೆಕ್ಟು ಅಪ್ಪಾ" ಅಂದಳು. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂದು ಮಾರುವ ದ್ರಾವಣಗಳಲ್ಲಿ ಒಂದು ಬಗೆಯದು ಟ್ಯಾನಿನ್‌ನಿಂದಲೇ ಕೆಲಸ ಮಾಡುತ್ತದೆ. ತುಕ್ಕಿನೊಂದಿಗೆ ಸೇರಿ ಕಪ್ಪು ಪದರವಾಗಿ ಕೂರುತ್ತದೆ. ಅಳಲೇಕಾಯಿಯ ಒಗರು ಅದೇ ಟ್ಯಾನಿನ್. ಕಲಂಕಾರಿ ಬಟ್ಟೆಯ ಕಪ್ಪು ಗೆರೆಯ ಗುಟ್ಟೂ ಅದೇ. ಅಮ್ಮ ಏನೂ ಹೇಳದೆ ಹುಣಸೇಹಣ್ಣನ್ನು ವಾಪಸು ಡಬ್ಬಿಗೆ ಹಾಕಲು ಹೋದರು. ನಾನು ಗುಟ್ಟಾಗಿ ಕನ್ವರ್ಟರ್ ಬೆಲೆ ಹುಡುಕಿದೆ.

ಮಾನ ಉಳಿಸಿಕೊಳ್ಳಲು ಇತಿಹಾಸದ ಮೊರೆಹೋದೆ. ಕಾಫಿ ತಂದ ಹೆಂಡತಿಗೆ ಹೇಳಿದೆ: "ಬ್ರೇಕಿನ ಕೆಲಸ ಅಂದರೆ ಸುಮ್ಮನೆ ಅಲ್ಲ ಕಣೇ. ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ತೆಗೆದದ್ದು 1902ರಲ್ಲಿ. ಅದಕ್ಕೆ ಸರಿಯಾದ ಮರ್ಯಾದೆ ಸಿಕ್ಕಿದ್ದು 1953ರಲ್ಲಿ, ಲ ಮಾನ್ ರೇಸನ್ನ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಗೆದ್ದಾಗ. ಅದಕ್ಕೂ ಮುಂಚೆ, ಬ್ರೇಕಿಗೆ ಚರ್ಮದ ಪಟ್ಟಿ ಹೊಡೆಸಿದ್ದು ಯಾರು ಗೊತ್ತಾ? ಒಬ್ಬ ಗೃಹಿಣಿ!"

"ಯಾರು?"

ಅವಳು ಕೂತಳು. ನಾನು ಉಬ್ಬಿದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಝ್, ಗಂಡ ಕಾರ್ಲ್ ಬೆಂಝ್ ಮಾಡಿದ ಮೂರು ಚಕ್ರದ ಮೋಟಾರುಗಾಡಿಯನ್ನು ಅವನಿಗೆ ಹೇಳದೆ ಕೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ಆಚೆಯ ಫೋರ್ಜ್‌ಹೈಮಿನ ತವರುಮನೆಗೆ ಹೊರಟುಬಿಟ್ಟ ಕತೆ ಹೇಳಿದೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿಗೆ ಹೊದಿಕೆ ಬೇಕಾದಾಗ ಕಾಲುಚೀಲದ ಪಟ್ಟಿ ಬಿಚ್ಚಿ ಸುತ್ತಿದಳು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನೊಬ್ಬನನ್ನು ಹಿಡಿದು ಚರ್ಮ ಹೊಡೆಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರಾಯಿನ್ ಕೊಂಡಳು. "ಲಿಗ್ರಾಯಿನ್ ಅಂದರೆ ಆ ಕಾಲದಲ್ಲಿ ಬಟ್ಟೆಯ ಕಲೆ ತೆಗೆಯೋ ದ್ರಾವಣ. ಜಿಡ್ಡು ತೆಗೆಯೋ ಸಾಮಾನೇ ಕಾರನ್ನೂ ಓಡಿಸಿತು ನೋಡು!"

"ಅಷ್ಟೊತ್ತು ಗಂಡ ಎಂತ ಮಾಡ್ತಿದ್ದ?"

"ಮನೆಯಲ್ಲಿದ್ದ."

"ಗೊತ್ತಾಯ್ತು" ಎಂದು ಲೋಟ ತೆಗೆದುಕೊಂಡು ಎದ್ದಳು. ಹೋಗುವಾಗ ಬ್ರೇಕ್ ಕ್ಲೀನರ್ ಡಬ್ಬಿಯನ್ನು ತಿರುಗಿಸಿ ಓದಿ, "ಇದರಲ್ಲಿ ಎಂತ ಉಂಟು?" ಎಂದಳು. ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಟೆಟ್ರಾಕ್ಲೋರೋಎಥಿಲೀನ್ ಇರುತ್ತದೆ, ಡ್ರೈಕ್ಲೀನಿಂಗ್ ಅಂಗಡಿಯವರು ರೇಷ್ಮೆ ಸೀರೆಗೆ ಬಳಸುವುದೂ ಅದನ್ನೇ, ಇನ್ನು ಕೆಲವು ಬೇಗ ಆರುವ, ಅಷ್ಟೇ ಬೇಗ ಬೆಂಕಿ ಹತ್ತುವ ದ್ರಾವಣಗಳು ಎಂದೆ. ಮೈಸೂರು ರೇಷ್ಮೆ ಸೀರೆ ಡ್ರೈಕ್ಲೀನಿಗೆ ಕೊಡಲು ಮೂರು ಹಬ್ಬದಿಂದ ನನಗೆ ನೆನಪಿಸುತ್ತಿದ್ದವಳು ಡಬ್ಬಿಯನ್ನೂ ನನ್ನನ್ನೂ ಒಮ್ಮೆ ನೋಡಿದಳು. ಆ ನೋಟದಲ್ಲಿ ಮುಂದಿನ ಅನಾಹುತದ ಮುನ್ಸೂಚನೆ ಇತ್ತು.

ಇನ್ನು ತಿಕ್ಕದೆ ಗತಿಯಿರಲಿಲ್ಲ. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕದಡಿ ಗಡ್ಡೆಯ ಮೇಲೆ ಹನಿಸಿ ನೆನೆಯಲು ಬಿಟ್ಟೆ. ಮಾಸ್ಕು, ಕೈಗವಸು ಹಾಕಿ, ಹಳೆಯ ಟೂತ್‌ಬ್ರಷ್ ಹಿಡಿದು ಕೂತೆ. ಮೊದಲು ಮಣ್ಣು ಬಿಟ್ಟಿತು, ಆಮೇಲೆ ಗ್ರೀಸು. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಗಡ್ಡೆಯೊಳಗಿನಿಂದ ಒಂದು ಮೂಲೆ ಎದ್ದು ಬಂತು. ಇನ್ನಷ್ಟು ಉಜ್ಜಿದರೆ ಒಂದು ಬೋಲ್ಟು. ಅದರ ಪಕ್ಕದಲ್ಲಿ ಎರಕದಲ್ಲೇ ಮೂಡಿದ್ದ ಅಕ್ಷರಗಳು. ಶಾಸನ ಸಿಕ್ಕ ಸಂಶೋಧಕನ ಹಾಗೆ ಹಿಗ್ಗಿದೆ. ಇಷ್ಟು ವರ್ಷ ಮಾವನವರಿಗೂ ಕಾಣದ ಅಕ್ಷರ ನನಗೆ ಕಂಡಿತು! ಏನು ಬರೆದಿದೆ ಎಂದು ಓದಲು ಇನ್ನೊಂದಿಷ್ಟು ತಿಕ್ಕಿದೆ. ಯಾವುದೋ ಬಿಡಿಭಾಗದ ಸಂಖ್ಯೆ. ಆದರೂ ಪೂರ್ತಿ ಓದದೆ ಬಿಡಲಾಗಲಿಲ್ಲ.

ಅಲ್ಲಿಂದ ಮುಂದೆ ನನ್ನ ಮೇಲೆ ನನಗೆ ಹಿಡಿತ ತಪ್ಪಿತು. ತಿಕ್ಕುವುದರಲ್ಲಿ ಇಂಥ ಚಪಲ ಇದೆ ಎಂದು ಎದುರು ಪಕ್ಷದವರು ಇಷ್ಟು ವರ್ಷ ಹೇಳಿಯೇ ಇರಲಿಲ್ಲ. 80 ನಂಬರಿನ ಎಮರಿ ಪೇಪರ್ ಮುಗಿಸಿ 120ಕ್ಕೆ ಹೋದೆ, ಮೂಲೆಗೆ ಹೊಗದ ಕಡೆ ಕಾಗದ ಮಡಿಸಿ ಕಡ್ಡಿಗೆ ಸುತ್ತಿ ಹೊಗಿಸಿದೆ. ರಬ್ಬರ್ ಬೂಟಿನ ಬಳಿ ಮಾತ್ರ ತಂತಿ ಬ್ರಷ್ ಬಿಟ್ಟು ಟೂತ್‌ಬ್ರಷ್ಷಿಗೆ ಇಳಿದೆ. ಊಟಕ್ಕೆ ಕರೆದರೆ "ಬಂದೆ" ಎಂದೆ, ಹೋಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಇವನು ನಮ್ಮವನೇನೇ?" ಎಂದು ಸೊಸೆಯನ್ನು ಕೇಳಿದ್ದು ಕೇಳಿಸಿತು. ಸೊಸೆ ಮಾತಾಡಲಿಲ್ಲ. ಆಡಿಟರು ಲೆಕ್ಕದ ಪುಸ್ತಕ ನೋಡುತ್ತಾ ಮಾತಾಡುವುದಿಲ್ಲ.

ತೊಳೆದದ್ದು ಶುದ್ಧವಾಯಿತೇ ಎಂದು ನೋಡಲು ಬಣ್ಣದ ಕಸುಬಿನವರಲ್ಲಿ ಒಂದು ಸರಳ ಪರೀಕ್ಷೆ ಇದೆ. ಶುದ್ಧ ನೀರು ಹನಿಸಬೇಕು. ನೀರು ಮುತ್ತುಗಟ್ಟಿ ಅಲ್ಲಲ್ಲೇ ನಿಂತರೆ ಜಿಡ್ಡು ಇನ್ನೂ ಇದೆ. ಎಲ್ಲೂ ಒಡೆಯದೆ ತೆಳ್ಳಗೆ ಹರಡಿಕೊಂಡರೆ ಜಿಡ್ಡು ಹೋಗಿದೆ. ಇದನ್ನು ನಾನು ಬಲು ಗಂಭೀರವಾಗಿ ಮಾಡಿ ತೋರಿಸಿದೆ. ಅತ್ತೆ ಸೊಸೆ ಇಬ್ಬರೂ ಮುಖಮುಖ ನೋಡಿಕೊಂಡರು. "ಬಾಣಲೆಗೆ ನಾವು ದಿನಾ ಮಾಡೋದು ಇದನ್ನೇ ಅಲ್ವೇನೋ?" ಎಂದರು ಅಮ್ಮ. ವಿಜ್ಞಾನ ನಮ್ಮ ಮನೆಯ ಸಿಂಕಿನಲ್ಲಿ ಯಾವತ್ತಿನಿಂದಲೋ ಇತ್ತು. ನಾನು ಆ ಕಡೆ ಹೋಗಿರಲಿಲ್ಲ ಅಷ್ಟೆ.

ನೀರು ಹರಡಿತು, ನಿಜ. ಆದರೆ ಬರಿಮೈಯ ಎರಕದ ಕಬ್ಬಿಣವನ್ನು ಒದ್ದೆ ಬಿಟ್ಟರೆ ಸಂಜೆಯೊಳಗೆ ಹೊಸ ತುಕ್ಕು ಹಾಜರ್. ಮಗಳ ಹೇರ್ ಡ್ರೈಯರ್ ತಂದು ಕ್ಯಾಲಿಪರಿಗೆ ಹಿಡಿದೆ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮಗಳು ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಡ್ರೈಯರನ್ನು ದೂರ ಇಟ್ಟು ಬಂದ ಮೇಲೆಯೇ ಬ್ರೇಕ್ ಕ್ಲೀನರ್ ಹೊಡೆದೆ, ಬೆಂಕಿಯ ಜಾತಿಯ ದ್ರಾವಣದ ಹತ್ತಿರ ಕಾಯುವ ತಂತಿ ಇರಬಾರದು. ಒರೆಸಲು ಬಿಳಿ ಬಟ್ಟೆಯೇ ಬೇಕು, ಕಪ್ಪು ಬಂದರೆ ಕಾಣಬೇಕಲ್ಲ? ಕೈಗೆ ಸಿಕ್ಕ ಬಿಳಿ ಬಟ್ಟೆ ನನ್ನದೇ ಬನೀನು. ಬನೀನು ಕಪ್ಪಾಗುವುದು ನಿಲ್ಲುವ ತನಕ ಹೊಡೆದೆ, ಒರೆಸಿದೆ, ಹೊಡೆದೆ, ಒರೆಸಿದೆ. ಕೊನೆಗೆ ಬಟ್ಟೆ ಬಿಳಿಯಾಗಿಯೇ ಬಂತು. ಬನೀನಿನಲ್ಲಿ ಬಿಳಿ ಉಳಿದಿದ್ದ ಜಾಗವೂ ಅದೊಂದೇ. ಬೂದು ಬಣ್ಣದ, ಅಂಚು ಮೂಲೆಗಳೆಲ್ಲ ಚೊಕ್ಕವಾದ ಕಬ್ಬಿಣ ಎದುರಿಗಿತ್ತು.

ಇನ್ನೇನು ಬಳಿಯುವ ಪಕ್ಷದ ಸುವರ್ಣಕಾಲ. ಡಿಸ್ಕು, ಪ್ಯಾಡು, ರಬ್ಬರು, ಹೋಸು, ಗಾಳಿ ಬಿಡುವ ನಿಪ್ಪಲ್ಲು, ಬಣ್ಣ ತಾಗಬಾರದ ಎಲ್ಲಕ್ಕೂ ಟೇಪು, ಹಳೆಯ ಪೇಪರು ಸುತ್ತಿದೆ. ಡಿಸ್ಕಿನ ಉಜ್ಜುವ ಮೈಗೆ ಬಣ್ಣ ಬಿದ್ದರೆ ಬ್ರೇಕು ಹಿಡಿಯುವ ಬದಲು ಜಾರುತ್ತದೆ. ತೆಳುವಾಗಿ ಒಂದು ಕೋಟು, ಒಣಗಲು ಬಿಟ್ಟು ಇನ್ನೊಂದು, ಮತ್ತೊಂದು. ಕಾಯುವ ಹೊತ್ತು ಬಿಟ್ಟರೆ ಮೇಸ್ತ್ರಿ ಹೇಳಿದ ಹತ್ತು ನಿಮಿಷವೂ ಹಿಡಿಯಲಿಲ್ಲ. ಜೀವಮಾನವಿಡೀ ಯಾವ ಕೆಲಸವನ್ನು ಕಲೆ ಎಂದುಕೊಂಡಿದ್ದೆನೋ ಅದು ಗುಂಡಿ ಒತ್ತಿ ಕೈ ಆಡಿಸುವುದಷ್ಟೇ ಎಂದು ನೋಡಿ ಪಕ್ಷದ ಸಿದ್ಧಾಂತದ ಮೇಲೇ ಅನುಮಾನ ಬಂತು. ಎಡಗಡೆ ಮುಗಿದ ಮೇಲೆ ಬಲಗಡೆಯೂ ಅದೇ ಕ್ರಮದಲ್ಲಿ ನಡೆಯಿತು. ಬಣ್ಣ ಒಣಗಿದ ಮೇಲೆ ಚಕ್ರ ಹಾಕಿ, ಕಾರು ಕದಲಿಸುವ ಮುಂಚೆ ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ನೋಡಿ, ಬೀದಿಯ ಆ ತುದಿಗೆ ನಡಿಗೆಯ ವೇಗದಲ್ಲಿ ಹೋಗಿ ಬಂದೆ. ಬ್ರೇಕು ಹಿಡಿಯಿತು. ಆಮೇಲೆ ವೀಲ್ ಕ್ಯಾಪು ಹಾಕಿದೆ. ಕೆಂಪು ಮಾಯವಾಯಿತು. ಎದುರು ಮನೆಯವರು ಬಂದು ನೋಡಿ, "ವೀಲ್ ಕ್ಯಾಪ್ ತೊಳೆದಿದ್ದೀರಾ? ಚೆನ್ನಾಗಿದೆ" ಎಂದು ಹೊಗಳಿ ಹೋದರು.

ಅನಾಹುತ ಆದದ್ದು ರಾತ್ರಿ ಊಟದ ಹೊತ್ತಿಗೆ. ಹೆಂಡತಿ ಫೋನ್ ತೆಗೆದು ವಿಡಿಯೋ ಹಾಕಿದಳು. ಅದರಲ್ಲಿ ಒಬ್ಬ ಮನುಷ್ಯ ಟೂತ್‌ಬ್ರಷ್ಷಿನಿಂದ ಒಂದು ಬೋಲ್ಟಿನ ಆರೂ ಮುಖಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದ, ತಿಕ್ಕಿ ಬೆಳಕಿಗೆ ಹಿಡಿದು ನೋಡುತ್ತಿದ್ದ, ತೃಪ್ತಿಯಾಗದೆ ಮತ್ತೆ ತಿಕ್ಕುತ್ತಿದ್ದ. ಅವನು ನಾನಲ್ಲ ಎನ್ನುವಂತಿರಲಿಲ್ಲ, ಬನೀನು ಸಾಕ್ಷಿಯಿತ್ತು.

"ಇಡ್ಲಿ ತಟ್ಟೆಯ ತೂತು ಕಾಣುದಿಲ್ಲ ನಿಮಗೆ. ಬೋಲ್ಟಿನ ಸಂದಿ ಕಾಣ್ತದೆ" ಎಂದಳು, ಬಹಳ ಶಾಂತವಾಗಿ.

ವಾದ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಮರುದಿನವೇ ಖಾತೆ ಮರುಹಂಚಿಕೆಯಾಯಿತು. ಅಡುಗೆಮನೆಯ ಚಿಮಣಿಯ ಜಾಲರಿ, ಎಕ್ಸಾಸ್ಟ್ ಫ್ಯಾನು, ಗ್ಯಾಸ್ ಒಲೆಯ ಬರ್ನರು, ಇಡ್ಲಿ ತಟ್ಟೆಗಳು ನನ್ನ ಸುಪರ್ದಿಗೆ ಬಂದವು. ಜಾಲರಿಗೆ ಬ್ರೇಕ್ ಕ್ಲೀನರ್ ಬೇಕು ಎಂದು ಕೇಳಿ ನೋಡಿದೆ. ಬಿಸಿನೀರು, ವಾಷಿಂಗ್ ಸೋಡಾ ಸಾಕು ಎಂದು ಅನುದಾನ ನಿರಾಕರಿಸಲಾಯಿತು. ಜಾಲರಿಯ ಮೇಲೆ ನೀರು ಮುತ್ತುಗಟ್ಟಿದರೆ ಅಮ್ಮ ಬೆರಳು ತೋರಿಸುತ್ತಾರೆ. ಪರೀಕ್ಷೆಯನ್ನು ಅವರ ಮುಂದೆ ಮಾಡಿ ತೋರಿಸಿದವನು ನಾನೇ.

ಈ ನಡುವೆ ವಿಡಿಯೋ ಘಟ್ಟ ಇಳಿದು ಕುಂದಾಪುರ ಮುಟ್ಟಿತ್ತು. ಮಾವ ಫೋನ್ ಮಾಡಿದರು. ಈ ಸಲ ಅವರು ಕಾರಿನ ಯೋಗಕ್ಷೇಮ ಕೇಳಲಿಲ್ಲ, ನನ್ನದನ್ನು ಕೇಳಿದರು. ಆಗಲೇ ಎದೆ ಧಸಕ್ಕೆಂದಿತು.

"ಅಳಿಯಂದಿರೇ, ನೋಡಿದೆ. ಲಾಯ್ಕ್ ಮಾಡಿದ್ದೀರಿ. ಇಲ್ಲಿ ನಮ್ಮ ಗೇಟು, ಬಾವಿಯ ರಾಟೆ, ಕಿಟಕಿಯ ಸರಳು ಎಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿವೆ. ಮಾಡುವವರು ಯಾರೂ ಸಿಕ್ಕುದಿಲ್ಲ. ರಜೆಗೆ ಬರುವಾಗ ನಿಮ್ಮ ಆ ತಂತಿ ಬ್ರಷ್ ತೆಗೆದುಕೊಂಡು ಬನ್ನಿ."

ಗೇಟು ಎಂದ ಕೂಡಲೇ ನನ್ನೊಳಗೆ ಏನೋ ಚಿಗುರಿತು. "ಬಣ್ಣ ಯಾವುದು ತರಲಿ ಮಾವ?" ಎಂದೆ ಆಸೆಯಿಂದ.

"ಅದು ನಿಮಗೆ ಯಾಕೆ ತೊಂದರೆ? ಬಣ್ಣ ಎಲ್ಲ ನಾನೇ ಬಳೀತೇನೆ" ಎಂದರು ಮಾವ. "ಅದೆಂತ ದೊಡ್ಡ ಕೆಲಸ?"